ಶಾಂತಪ್ಪನ ನೀಲಿ ಗಿಡ

ಕುಂಡಗಳನ್ನು ಎತ್ತಿ ಗೋಡೆಗೆ ಸರಿಸದೆ ಹೆಣ ಮಲಗಿಸಲು ಜಾಗವಿರಲಿಲ್ಲ. ನಾಗರತ್ನಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಎತ್ತಿಡುತ್ತಿದ್ದಳು. ಒಳಗೆ ಖೋಲಿಯಲ್ಲಿ ಮಂಚ, ಕಪಾಟು, ಒಲೆ. ಮಿಕ್ಕಿದ್ದರಲ್ಲಿ ಜನ ನಿಲ್ಲುವುದೇ ಕಷ್ಟ. ಹೊರಗೆ ಕಿಟಕಿಯಿಂದ ಕಂಪೌಂಡಿನವರೆಗೆ ಹಾಸಿಗೆಯಗಲದ ಮಣ್ಣು. ಅದು ಅವಳ ಮಾವ ಶಾಂತಪ್ಪನ ತೋಟ. ಅದರ ತುಂಬ ಕುಂಡಗಳಲ್ಲಿ ಮೊಣಕಾಲೆತ್ತರ ದಾಟದ ನೀಲಿ ಗಿಡಗಳು. ಎಲೆಯ ಬದಲು ಸೂಜಿಯಂಥ ಮುಳ್ಳು. ಬೆಳಿಗ್ಗೆ ಅವುಗಳೆದುರು ಕಲ್ಲಿನ ಮೇಲೆ ಕೂತಿದ್ದ ಮುದುಕ ಹಾಗೇ ಪಕ್ಕಕ್ಕೆ ವಾಲಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಕ್ಕದ ಖೋಲಿಯ ಇಂದ್ರಾಬಾಯಿ ಬಂದು ಕುಂಡದ ಇನ್ನೊಂದು ಬದಿ ಹಿಡಿದಳು.

"ಹೂವಿಲ್ಲ, ಹಣ್ಣಿಲ್ಲ. ಇವಕ್ಕ ಬ್ಯಾಸಿಗ್ಯಾಗ ಬರ್ಫ ಬ್ಯಾರೆ ಹಾಕ್ತಿದ್ದ."

"ಕಬ್ಬಿನ ಹಾಲಿನ ಅಂಗಡ್ಯಾಗ ಉಳದ ಬರ್ಫರೀ. ಬುಡ ತಂಪ ಇರಬೇಕಂತಿದ್ರು," ಎಂದಳು ನಾಗರತ್ನಾ.

"ನನಗೂ ಕೇಳ್ತಿದ್ದನಲ್ಲ, ಫ್ರಿಜ್‌ನ್ಯಾಗ ಅದ ಏನು ಅಂತ. ಮನುಷ್ಯಾರಿಗೆ ಶರಬತ್ತಿಗೆ ಇಲ್ಲ, ಗಿಡಕ್ಕ ಬೇಕಂತ!" ಇಂದ್ರಾಬಾಯಿ ನಗಲು ಹೋಗಿ, ಬಾಗಿಲ ಬಳಿ ಚಾಪೆಯ ಮೇಲಿದ್ದ ಹೆಣ ನೋಡಿ ಬಾಯಿ ಮುಚ್ಚಿಕೊಂಡಳು.

ಶಾಂತಪ್ಪನ ಜೊತೆಯಲ್ಲೇ ಊರು ಬಿಟ್ಟು ಮುಂಬಯಿಗೆ ಬಂದಿದ್ದ ಭೀಮರಾಯ ಕಂಪೌಂಡಿಗೆ ಒರಗಿ ನಿಂತಿದ್ದ. ಎಲ್ಲರೂ ಕೇಳಲು ಹಿಂಜರಿಯುತ್ತಿದ್ದುದನ್ನು ಅವನೇ ಕೇಳಿದ.

"ಬೆಂಕಿ ಯಾರು ಕೊಡಬೇಕಪ್ಪ?"

"ಅನ್ನ ಹಾಕಿದಾಕಿ ಕೊಡ್ತಾಳ," ಎಂದಳು ಇಂದ್ರಾಬಾಯಿ. "ಬಿಟ್ಟು ಹೋದವನ್ನ ಯಾರು ಹುಡಕೂದು?"

ಬಿಟ್ಟು ಹೋದವನೆಂದರೆ ಶ್ರೀಶೈಲ. ಶಾಂತಪ್ಪನ ಒಬ್ಬನೇ ಮಗ, ನಾಗರತ್ನಾಳ ಗಂಡ. ಪುಣೆಯಲ್ಲಿ ಅವನಿಗೆ ಇನ್ನೊಂದು ಸಂಸಾರವಿತ್ತು.

"ನಾನ ಫೋನ್ ಮಾಡೀನಿ," ಎಂದಳು ನಾಗರತ್ನಾ, ಕೈಯ ಮಣ್ಣು ಝಾಡಿಸುತ್ತ. "ಬಸ್ ಹತ್ಯಾರಂತ. ಬರೂತನ ಕಾಯೂನು."

ಇಂದ್ರಾಬಾಯಿ ಅವಳ ಮುಖ ನೋಡಿದಳು. ಅಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

*

ಶಾಂತಪ್ಪ ಗೌಂಡಿ ಕೆಲಸದವನು. ಬಾಂದ್ರಾದಲ್ಲಿ ಯಾರದೋ ಟೆರೇಸಿನ ಮೇಲೆ ತೋಟಕ್ಕೆ ಕಟ್ಟೆ ಕಟ್ಟುತ್ತಿದ್ದಾಗ ಮನೆಯಾಕೆ ಥಂಡಿ ಸೀಮೆಯಿಂದ ತರಿಸಿದ್ದ ಗಿಡಗಳು ಮಳೆಗಾಲಕ್ಕೆ ಕೊಳೆತವು. ಉಳಿದದ್ದೊಂದನ್ನು ಆಕೆ ಅವನ ಕೈಗೆ ಕೊಟ್ಟು, "ಲೇ ಜಾವ್ ಮಾಮಾ, ಯಹಾಂ ನಹೀ ಬಚೇಗಾ" ಎಂದಿದ್ದಳು, ಇಲ್ಲಿ ಬದುಕುವುದಿಲ್ಲ, ನೀನೇ ಒಯ್ಯಿ ಎಂದು. ಅದನ್ನು ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಎದೆಗವಚಿಕೊಂಡು ಆಂಟಾಪ್ ಹಿಲ್‌ನ ಈ ಖೋಲಿಗೆ ತಂದ. ನಾಗರತ್ನಾ ಆಗಷ್ಟೇ ಮದುವೆಯಾಗಿ ಬಂದವಳು.

"ಏನ್ರಿ ಮಾವಾ ಇದು?"

"ಜುನಿಪಾರ ಅಂತ. ಗಿಡ್ಡ ಜಾತಿ. ವರ್ಷಕ್ಕ ಒಂದ್ ಬಟ್ಟಿನಷ್ಟ ಬೆಳೀತದಂತ. ನಮ್ಮ ಖೋಲಿಗೆ ಇದ ಲಾಯಕ್ಕು ನೋಡವ್ವ."

ಅದರ ಟೊಂಗೆ ಮುರಿದು ನೆಟ್ಟವುಗಳಲ್ಲಿ ಹೆಚ್ಚಿನವು ಸತ್ತವು. ಗೌಂಡಿಯಲ್ಲವೆ, ಕೊನೆಗೆ ಗಿಡಕ್ಕೂ ಪಾಯಾ ಹಾಕಿದ. ಕುಂಡದ ತಳಕ್ಕೆ ಇಟ್ಟಿಗೆಚೂರು, ಮೇಲೆ ದಪ್ಪ ಉಸುಕು, ಆಮೇಲೆ ಮಣ್ಣು. ಮಳೆಗಾಲದಲ್ಲಿ ತಾಡಪತ್ರಿ ಕಟ್ಟಿದ. ಮಧ್ಯಾಹ್ನದ ಬಿಸಿಲಿಗೆ ತೀರಿಹೋದ ಹೆಂಡತಿಯ ಹಳೇ ಸೀರೆ ಅಡ್ಡ ಹಿಡಿದ. ಆಗ ಒಂದೆರಡು ಬದುಕಿದವು. ಬರಬರುತ್ತ ಕಿಟಕಿಯ ಹೊರಗಿನ ಮಣ್ಣೆಲ್ಲ ಕುಂಡಗಳಿಂದ ತುಂಬಿತು. ಕಾಲೊನಿಯ ಜನ ಲಿಂಬೆ, ಕರಿಬೇವು ಹಾಕೆಂದು ಹೇಳಿ ಹೇಳಿ ಸುಮ್ಮನಾದರು.

*

ಶ್ರೀಶೈಲ ಬಂದಾಗ ಮಧ್ಯಾಹ್ನ ಇಳಿದಿತ್ತು. ತಲೆ ನರೆತಿತ್ತು. ಚಪ್ಪಲಿ ಬಿಟ್ಟು, ಅಪ್ಪನ ಕಾಲ ಹತ್ತಿರ ಕೂತು, ಬೆರಳುಗಳನ್ನು ಹಿಡಿದುಕೊಂಡ. ಭೀಮರಾಯ ಬೆಂಕಿಯ ಮಡಕೆಯನ್ನು ಮುಂದಿಟ್ಟು, "ಏಳಪ್ಪ. ಹೊತ್ತಾತು," ಎಂದ.

ನಾಗರತ್ನಾ ಸ್ಮಶಾನದವರೆಗೂ ಹೋದಳು. ಹೆಂಗಸರು ಬರುವುದಿಲ್ಲವೆಂದು ಯಾರೋ ಅಂದರು. ಭೀಮರಾಯ ಅವರನ್ನು ಸುಮ್ಮನಿರಿಸಿದ. ಶ್ರೀಶೈಲ ಕೊಳ್ಳಿ ಇಟ್ಟ. ನಾಗರತ್ನಾ ಕಂಬದ ಪಕ್ಕ ನಿಂತು ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿದಳು.

*

ಶ್ರೀಶೈಲ ಮನೆ ಬಿಟ್ಟ ವಾರವೇ ಅವಳು ಮಾವನಿಗೆ ಹೇಳಿದ್ದಳು.

"ನೀವೂ ಪುಣೆಗೆ ಹೋಗ್ರಿ ಮಾವಾ. ನಾ ಎಲ್ಲೆರ ಕೆಲಸ ಹಿಡದು ಇರ್ತೀನಿ."

ಶಾಂತಪ್ಪ ಹಳೆಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅದರ ನಡುವಿನಿಂದ ಒಂದು ಕೊಂಬೆ ಮಿಕ್ಕವನ್ನೆಲ್ಲ ಬಿಟ್ಟು ನೆಟ್ಟಗೆ ಮೇಲೆದ್ದಿತ್ತು. ಗಿಡ್ಡ ಗಿಡಗಳಲ್ಲಿ ಒಮ್ಮೊಮ್ಮೆ ಹಾಗಾಗುತ್ತದೆ. ಬಿಟ್ಟರೆ ಆ ಒಂದೇ ಕೊಂಬೆ ಗಿಡವನ್ನೆಲ್ಲ ತಿಂದು ಎತ್ತರಕ್ಕೆ ಹೋಗುತ್ತದೆ. ಅವನು ಕತ್ತರಿ ತೆಗೆದು ಬುಡಕ್ಕೇ ಕತ್ತರಿಸಿದ.

"ರಾತ್ರಿಗೆ ಜ್ವಾಳದ ಹಿಟ್ಟು ಅದನವ್ವ?" ಎಂದ.

"ಅದರೀ."

"ಹಂಗಾರ ರೊಟ್ಟಿ ಬಡಿ."

ಮಾತು ಅಷ್ಟಕ್ಕೆ ಮುಗಿಯಿತು, ಮತ್ತೆ ಎಂದೂ ಬರಲಿಲ್ಲ. ಅವಳು ವಿಲೆ ಪಾರ್ಲೆಯ ಒಂದು ಕಾಲೇಜಿನ ಕ್ಯಾಂಟೀನಿಗೆ ರೊಟ್ಟಿ ಬಡಿಯಲು ಸೇರಿಕೊಂಡಳು. ಆದರೆ ಕತ್ತರಿಸಿದ ಕೊಂಬೆಯನ್ನು ಮುದುಕ ಎಸೆಯಲಿಲ್ಲ. ಕಿಟಕಿಯಲ್ಲಿ ಸ್ಟೀಲಿನ ಗ್ಲಾಸಿನೊಳಗೆ ಇಟ್ಟ. ನೀರಿಲ್ಲದೆಯೂ ಅದು ನೀಲಿಯಾಗಿಯೇ ಇತ್ತು; ಸತ್ತದ್ದು ಈ ಜಾತಿಯಲ್ಲಿ ಬೇಗ ಕಾಣುವುದಿಲ್ಲ. ಮಳೆಗಾಲವೆಲ್ಲ ದಿನಾ ಬೆಳಿಗ್ಗೆ ಅವನು ಗ್ಲಾಸು ತಿರುಗಿಸಿ ನೋಡುತ್ತಿದ್ದ. ದಸರೆ ಹೊತ್ತಿಗೆ ಕೆಂಪಾಗಿ ಮುಳ್ಳೆಲ್ಲ ಉದುರಿದಾಗ, ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ ನಾಗರತ್ನಾ ಗುಡಿಸಿ ಹಾಕಿದಳು. ಸಂಜೆ ಬಂದವನು ಖಾಲಿ ಗ್ಲಾಸು ತೊಳೆದು, ಅದರಲ್ಲೇ ಚಹಾ ಕುಡಿದ.

*

ಸ್ನಾನ ಮಾಡಿ ದೀಪ ಹಚ್ಚಿದ ಮೇಲೆ ಶ್ರೀಶೈಲ ಹೊರಟು ನಿಂತ.

"ಮೂರನೇ ದಿನಕ್ಕ ಬರ್ತೀನಿ," ಎಂದ. ಆಮೇಲೆ, ನೆಲ ನೋಡುತ್ತ, "ಅಪ್ಪ ನನ್ನ ನೆನಿಸ್ತಿದ್ನ?"

ನಾಗರತ್ನಾ ಕಿಟಕಿಯತ್ತ ನೋಡಿದಳು.

"ಹೆಸರ ಹೇಳ್ತಿರಲಿಲ್ಲ," ಎಂದಳು.

ಅವನು ತಲೆಯಾಡಿಸಿದ. ಗೋಡೆಯುದ್ದಕ್ಕೂ ಇಟ್ಟಿದ್ದ ಕುಂಡಗಳತ್ತ ತಿರುಗಿದ.

"ಒಂದು ಒಯ್ಲಿ?"

"ಒಯ್ಯಿರಿ."

ಅವನು ಆರಿಸಿದ್ದು ಬಾಂದ್ರಾದಿಂದ ಬಂದ ಮೊದಲನೆಯದನ್ನೇ. ಇಂದ್ರಾಬಾಯಿ ಹಿಂದಿನಿಂದ ಅವಳ ಸೆರಗು ಜಗ್ಗಿದಳು. "ಅದ ಬ್ಯಾಡ ಅನ್ನು," ಎಂದು ಪಿಸುಗುಟ್ಟಿದಳು. ನಾಗರತ್ನಾ ಒಳಹೋಗಿ ಗೋಣಿತಾಟು ತಂದು, ಒದ್ದೆ ಮಾಡಿ, ಕುಂಡಕ್ಕೆ ಸುತ್ತಿ ಕಟ್ಟಿಕೊಟ್ಟಳು.

ರಸ್ತೆಯಲ್ಲಿ ಟ್ಯಾಕ್ಸಿ ನಿಂತಿತ್ತು. ಅವನು ಹಿಂದಿನ ಸೀಟಿನಲ್ಲಿ ಕೂತು, ಕುಂಡವನ್ನು ತೊಡೆಗಳ ನಡುವೆ ಇಟ್ಟುಕೊಂಡು ಅಂಗೈಯಿಂದ ಗಿಡವನ್ನು ಸವರಿದ. ಸವರಿದಲ್ಲೆಲ್ಲ ಬರೀ ಹಸಿರಾಯಿತು. ಬೆರಳಿಗೆ ಬೂದಿಯಂಥ ಪುಡಿ ಹತ್ತಿತು. ಗಾಬರಿಯಿಂದ ನಾಗರತ್ನಾಳತ್ತ ನೋಡಿದ.

"ಮುಟ್ಟಬ್ಯಾಡ್ರಿ," ಎಂದಳು ಅವಳು, ಕಿಟಕಿಗೆ ಬಗ್ಗಿ. "ಆ ನೀಲಿ ಬರೀ ಮ್ಯಾಲಿಂದು, ಮುಟ್ಟಿದ್ರ ಹೋಗತದ. ಹೊಸಾ ಚಿಗರು ಬರೂತನಕ ಹಂಗ ಇರತದ."

ಟ್ಯಾಕ್ಸಿ ಹೊರಟಿತು. ಕಾಲೊನಿಯ ಗೇಟಿನ ರೋಡ್ ಹಂಪಿನ ಮೇಲೆ ಅದು ಕುಲುಕಿದಾಗ, ಹಿಂದಿನ ಸೀಟಿನ ಕಿಟಕಿಯಲ್ಲಿ ಶ್ರೀಶೈಲನ ಎರಡೂ ಕೈಗಳು ಕಂಡವು: ಗಿಡದ ಆಚೀಚೆ, ಮುಟ್ಟಿಯೂ ಮುಟ್ಟದಂತೆ, ಗಾಳಿಯಲ್ಲಿ.