ಮುಚ್ಚಳದ ಒಳಗಿನ ತಾರೀಕು

ಆ ಗ್ಯಾರೇಜು ನಡೆಸುತ್ತಿದ್ದವರು ಅಣ್ಣತಮ್ಮಂದಿರು. ಅಣ್ಣನನ್ನು ಜನ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು, ತಮ್ಮನನ್ನು ಚಿಕ್ಕ ಮೇಸ್ತ್ರಿ. ಮೂವತ್ತು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದ್ದರೂ ದೊಡ್ಡ ಮೇಸ್ತ್ರಿಗೆ ಹೇಸುವ ಸ್ವಭಾವ ಹೋಗಿರಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಬಂದರೆ ಮುಖ ಕಿವುಚುತ್ತಿದ್ದ. ನೆಲದ ಮೇಲೆ ಒಂದು ತೊಟ್ಟು ಚೆಲ್ಲಿದರೂ ಒರೆಸದೆ ಮುಂದಿನ ನಟ್ಟು ಬಿಚ್ಚುತ್ತಿರಲಿಲ್ಲ. "ನೀನು ಡಾಕ್ಟರಾಗ್ಬೇಕಿತ್ತು, ದಾರಿ ತಪ್ಪಿ ಇಲ್ಲಿಗೆ ಬಂದೆ" ಎಂದು ತಮ್ಮ ನಗುತ್ತಿದ್ದ.

ಒಂದು ಸೋಮವಾರ ನರ್ಸಮ್ಮ ತನ್ನ ಹಳೆಯ ಕಾರು ತಂದು ನಿಲ್ಲಿಸಿದಳು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು, ಮಗ್ಗುಲು ಬದಲಿಸಿ ಬರುವುದು ಆಕೆಯ ಕೆಲಸ. ಡಿಕ್ಕಿಯಲ್ಲಿ ಯಾವಾಗಲೂ ಎರಡು ಆಕ್ಸಿಜನ್ ಸಿಲಿಂಡರು.

"ಏರು ಬಂದ್ರೆ ಸಾಕು, ಇದೂ ನನ್ನ ಹಾಗೇ ಏದುಸಿರು ಬಿಡತ್ತೆ ಮೇಸ್ತ್ರಿ."

ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಸವೆದದ್ದು ಹಿಂದಿನ ಸಲ ಬಂದಾಗಲೇ ಗೊತ್ತಾಗಿತ್ತು. ಏರಿನಲ್ಲಿ ಇನ್ನೂ ಚೆನ್ನಾಗಿ ಎಳೆಯುವಂಥದ್ದನ್ನು ಹಾಕೋಣ ಎಂದು ದೊಡ್ಡ ಮೇಸ್ತ್ರಿ ಮೊದಲೇ ತರಿಸಿಟ್ಟಿದ್ದ. ಅದರ ಜೊತೆಗೇ ಶಾಫ್ಟನ್ನು ತಿರುಗಿಸುವ ಹೊಸ ಟೈಮಿಂಗ್ ಚೈನು, ಎರಡು ಉಕ್ಕಿನ ಗೇರು ಬಂದಿದ್ದವು.

"ಚೈನು ಬೇಡ ಅಲ್ವಾ?" ಎಂದಳು ನರ್ಸಮ್ಮ. "ಎರಡು ವರ್ಷದ ಹಿಂದೆ ನಿಮ್ಮ ತಮ್ಮ ಹೊಸದು ಹಾಕಿದ್ರಲ್ಲ, ನೀವು ಕಾಲು ಮುರ್ಕೊಂಡು ಮಲಗಿದ್ದಾಗ."

"ಈ ಶಾಫ್ಟಿಗೆ ಇದೇ ಸೆಟ್ಟು ಸರಿ. ಹಳೇದು ಚೆನ್ನಾಗಿದ್ರೆ ನಿಮಗೇ ಎತ್ತಿಡ್ತೀನಿ."

ಮಾರನೆಯ ಬೆಳಿಗ್ಗೆ ನೀರು ಇಳಿಸಿ, ರೇಡಿಯೇಟರು ಎತ್ತಿಟ್ಟು, ಮುಂದಿನ ಪುಲ್ಲಿ ಎಳೆದು ತೆಗೆದ. ಚೈನಿನ ಮುಚ್ಚಳಕ್ಕೆ ಬೆಳ್ಳಿ ಬಣ್ಣ ಬಳಿದಿತ್ತು, ಥಳಥಳ ಹೊಳೆಯುತ್ತಿತ್ತು. ಬೋಲ್ಟು ಬಿಚ್ಚಿ ಮುಚ್ಚಳ ಮೀಟಿದ ಕೂಡಲೇ ಗಬ್ಬು ವಾಸನೆ ಮೂಗಿಗೆ ರಾಚಿತು. ಒಳಗೆಲ್ಲ ಕಪ್ಪು ಕೊಚ್ಚೆ. ಹೆಪ್ಪುಗಟ್ಟಿದ ಎಣ್ಣೆ ಲೋಳೆಯಾಗಿ ಗೋಡೆಗೆ ಅಂಟಿಕೊಂಡಿತ್ತು. ಚೈನನ್ನು ಹೆಬ್ಬೆರಳಿನಿಂದ ಒತ್ತಿದರೆ ಹರಿದ ಲಾಡಿಯಂತೆ ಜೋತುಬಿತ್ತು. ಮೇಲಿನ ಗೇರಿನ ನೈಲಾನ್ ಹಲ್ಲುಗಳಲ್ಲಿ ಏಳು ಉದುರಿಹೋಗಿದ್ದವು, ಉಳಿದವು ಬಿರುಕುಬಿಟ್ಟಿದ್ದವು. ಕಾರು ಕಾರ್ಖಾನೆಯಿಂದ ಹೊರಬಂದ ದಿನದ ಗೇರು ಅದು.

ತಮ್ಮ ಬಿಚ್ಚಿಯೇ ಇರಲಿಲ್ಲವೇನೋ ಎಂದುಕೊಂಡು ಮುಚ್ಚಳ ಮಗುಚಿದ. ಚೈನು ಬದಲಿಸಿದರೆ ಒಳಮೈಗೆ ಹಳದಿ ಬಣ್ಣದಲ್ಲಿ ತಾರೀಕು ಬರೆಯುವುದು ಅವರ ಗ್ಯಾರೇಜಿನ ರೂಢಿ. ಅಂಗೈಯಗಲ ಜಾಗವನ್ನು ಮಾತ್ರ ಒರೆಸಿ, ಅಲ್ಲಿ ತಮ್ಮ ತನ್ನ ಗುಂಡು ಅಕ್ಷರದಲ್ಲಿ ತಾರೀಕು ಬರೆದಿದ್ದ. ಸುತ್ತಲೂ ಕೊಚ್ಚೆ ಹಾಗೇ ಇತ್ತು.

ತಮ್ಮ ಬಿಚ್ಚಿದ್ದ, ನೋಡಿದ್ದ, ತಾರೀಕು ಬರೆದು ಮುಚ್ಚಿದ್ದ. ದೊಡ್ಡ ಮೇಸ್ತ್ರಿ ಹೊರಗೆ ಹೋಗಿ ಚರಂಡಿಯ ಪಕ್ಕ ಬಗ್ಗಿ ನಿಂತ. ಬೆಳಗಿನ ಕಾಫಿಯೆಲ್ಲ ಹೊರಬಂತು.

ಬಾಯಿ ಮುಕ್ಕಳಿಸುತ್ತಿರುವಾಗ ಒಂದು ಯೋಚನೆ ಸುಳಿಯಿತು. ಹೇಗಿದ್ದರೂ ಎಲ್ಲ ಹೊಸದು ಹಾಕುತ್ತಿದ್ದೇನೆ. ಹಳೆಯದನ್ನು ಗುಜರಿಗೆ ಎಸೆದರೆ ಯಾರಿಗೆ ಗೊತ್ತಾಗುತ್ತದೆ? ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ತಡಮಾಡಿದರೆ ಮನಸ್ಸು ಬದಲಾದೀತೆಂದು ತಕ್ಷಣ ನರ್ಸಮ್ಮನಿಗೆ ಫೋನು ಹಚ್ಚಿದ.

ಅಷ್ಟರಲ್ಲಿ ತಮ್ಮ ಬಂದ. ಬಿಚ್ಚಿದ ಇಂಜಿನ್ನು ಕಂಡು ಬಾಗಿಲಲ್ಲೇ ನಿಂತ.

"ಅವತ್ತು ಈ ಗಾಡಿಗೆ ಅಂತ ತಂದ ಹೊಸ ಸೆಟ್ಟು ಎಲ್ಲಿ ಹೋಯ್ತು?" ಎಂದ ಅಣ್ಣ.

"ಬೇರೆ ಗಾಡಿಗೆ ಅರ್ಜೆಂಟಿತ್ತು ಅಣ್ಣ. ಇನ್ನೊಂದು ತರಿಸಿ ಹಾಕೋಣ ಅಂತಿದ್ದೆ. ಆಮೇಲೆ ಈಯಮ್ಮ ಬಂದು ಗಾಡಿ ಕೇಳಿದ್ಲು. ಒಬ್ಬನೇ ಇದ್ದೆ ನಾನು, ಕೆಲಸ ತಲೆ ಮೇಲೆ ಬಿದ್ದಿತ್ತು."

"ತಾರೀಕು ಬರೆಯೋಕೆ ಪುರುಸೊತ್ತಿತ್ತಲ್ಲ."

"ಚೈನು ತುಂಡಾಗ್ಲಿಲ್ವಲ್ಲ, ಬಿಡು."

"ತಿಪ್ಪೆ ಸಾರಿಸ್ಬೇಡ."

ಮಧ್ಯಾಹ್ನ ನರ್ಸಮ್ಮ ಬಂದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಇಂಜಿನ್ನಿನ ಮೇಲೆ ಬಾಗಿ ತುಂಬ ಹೊತ್ತು ನೋಡಿದಳು.

"ಗಾಯ ತೊಳೀದೆ ಮೇಲೊಂದು ಹೊಸ ಬ್ಯಾಂಡೇಜು ಸುತ್ತಿ ಕಳಿಸ್ತಾರೆ ಕೆಲವರು. ಬಿಚ್ಚೋಳು ನಾನು. ಇದೇ ಥರ ಇರತ್ತೆ," ಎಂದಳು. "ಇದು ಏರಿನಲ್ಲಿ ತುಂಡಾಗಿದ್ರೆ?"

"ಇಂಜಿನ್ ಅಲ್ಲೇ ಆಫ್. ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗಿ, ತುಳಿದ್ರೂ ಸರಿಯಾಗಿ ಹಿಡೀತಿರ್ಲಿಲ್ಲ," ಎಂದ ದೊಡ್ಡ ಮೇಸ್ತ್ರಿ, ತಲೆ ಎತ್ತದೆ.

ಅವಳು ತಮ್ಮನ ಕಡೆ ತಿರುಗಿದಳು. ಬೈಯುತ್ತಾಳೆಂದು ಅವನು ಮೈ ಗಟ್ಟಿಮಾಡಿಕೊಂಡಿದ್ದ.

"ಹೀಗೆ ಇನ್ನೆಷ್ಟು ಗಾಡಿ ಮಾಡಿದ್ದೀರಿ?"

"ನೆನಪಿಲ್ಲ."

ಸುಳ್ಳು ಹೇಳಿದ್ದರೆ ದೊಡ್ಡ ಮೇಸ್ತ್ರಿ ಸಹಿಸುತ್ತಿದ್ದನೋ ಏನೋ. ತಮ್ಮನಿಗೆ ನಿಜವಾಗಿಯೂ ನೆನಪಿರಲಿಲ್ಲ; ಮುಖದಲ್ಲೇ ಕಾಣುತ್ತಿತ್ತು. ಅಣ್ಣ ಕಪಾಟಿನಿಂದ ಗ್ಯಾರೇಜಿನ ಲೆಕ್ಕದ ಪುಸ್ತಕ ತೆಗೆದ.

ಎರಡು ದಿನ ದೊಡ್ಡ ಮೇಸ್ತ್ರಿ ಒಬ್ಬನೇ ಕೆಲಸ ಮಾಡಿದ. ಕೆಳಗಿನ ಎಣ್ಣೆ ತಟ್ಟೆ ಇಳಿಸಿದಾಗ ಉದುರಿದ ಹಲ್ಲುಗಳು ಎಣ್ಣೆ ಹೀರುವ ಜಾಲರಿಗೆ ಕಚ್ಚಿಕೊಂಡಿದ್ದವು. ಒಂದೊಂದನ್ನೂ ಚಿಮಟದಿಂದ ಕಿತ್ತ. ಸೀಮೆಎಣ್ಣೆ ಹಾಕಿ ಕೊಚ್ಚೆ ತೊಳೆದ. ಹೊಸ ಶಾಫ್ಟಿಗೆ ಪೇಸ್ಟು ಸವರಿ ಮೆಲ್ಲಗೆ ಒಳಗೆ ಜಾರಿಸಿದ. ಎರಡು ಗೇರುಗಳ ಗುರುತಿನ ಚುಕ್ಕೆಗಳು ಎದುರುಬದುರಾಗಿ ಬರುವಂತೆ ಚೈನು ಕೂರಿಸಿ, ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದ. ಚುಕ್ಕೆಗಳು ಮತ್ತೆ ಅಲ್ಲಿಗೇ ಬಂದವು. ಕಾರು ಏರನ್ನು ಉಸಿರೆಳೆಯದೆ ಹತ್ತಿತು. ನರ್ಸಮ್ಮ ಚೆನ್ನಾಗಿದೆ ಎಂದಷ್ಟೇ ಹೇಳಿದಳು. ಇನ್ನು ಮುಂದೆ ಇಲ್ಲಿಗೇ ಬರುತ್ತೇನೆ ಎನ್ನಲಿಲ್ಲ.

ತಾನು ಕಾಲು ಮುರಿದುಕೊಂಡು ಮಲಗಿದ್ದ ನಾಲ್ಕು ತಿಂಗಳಲ್ಲಿ ಚೈನಿಗೆಂದು ಬಂದಿದ್ದ ಒಂಬತ್ತು ಗಾಡಿಗಳ ಯಜಮಾನರಿಗೂ ತಮ್ಮನಿಂದಲೇ ಫೋನು ಮಾಡಿಸಿದ. ಆರು ಜನ ಬಂದರು. ಮೊದಲನೆಯ ಇಂಜಿನ್ನಿನಲ್ಲಿ ಚೈನು ಹೊಸದೇ ಇತ್ತು. ಎರಡನೆಯದರಲ್ಲೂ. ತಮ್ಮನ ಮುಖದಲ್ಲಿ ಕಳೆ ಬಂತು. "ನೋಡಿದ್ಯಾ?" ಎಂದ. ಮೂರನೆಯದು ಒಬ್ಬ ಮುದುಕನದು. ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ. ಮುಚ್ಚಳ ಮೀಟಿದಾಗ ಅದೇ ವಾಸನೆ, ಅದೇ ಲೋಳೆ, ನಡುವೆ ಹಳದಿ ತಾರೀಕು.

ದೊಡ್ಡ ಮೇಸ್ತ್ರಿ ಕೂಗಾಡಲಿಲ್ಲ.

"ನಿನ್ನ ಪೆಟ್ಟಿಗೆ ತಗೊಂಡು ಹೋಗು. ಮನೆಗೆ ಊಟಕ್ಕೆ ಬಾ, ನಿನ್ನ ಅತ್ತಿಗೆ ಏನೂ ಅನ್ನಲ್ಲ. ಇಲ್ಲಿಗೆ ಮಾತ್ರ ಬರ್ಬೇಡ."

"ಅಣ್ಣ..."

"ನಿನ್ನ ಕೈ ಬಿದ್ದ ಇಂಜಿನ್ನು ಮುಟ್ಟೋಕೆ ನನಗೆ ಹೇಸಿಗೆ ಆಗತ್ತೆ ಕಣೋ. ಏನು ಮಾಡ್ಲಿ ಹೇಳು."

ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೊರಟ. ದೊಡ್ಡ ಮೇಸ್ತ್ರಿ ಅತ್ತ ನೋಡಲಿಲ್ಲ. ಮುದುಕನನ್ನು ಕರೆದು ಒಳಗಿರುವುದನ್ನು ತೋರಿಸಿದ, ಯಾರು ಮಾಡಿದ್ದೆಂದು ಹೇಳಿದ. ಇನ್ನೂ ಮೂರು ಗಾಡಿ ಅಂಗಳದಲ್ಲಿ ಕಾಯುತ್ತಿದ್ದವು.