ಕಾವಲುನಾಯಿಯ ಕೊರಳಪಟ್ಟಿ

"ಇವು ಗೆಜ್ಜಿ ಅಲ್ರೀ," ಎಂದಳು ಜಗದಾಂಬಾ. ವೀರಗಲ್ಲಿನ ಕೆಳಸಾಲಿನಲ್ಲಿ ಕೆತ್ತಿದ್ದ ನಾಯಿಯ ಕೊರಳ ಮೇಲೆ ಅವಳ ತೋರುಬೆರಳಿತ್ತು.

ಏಕಾಂತಯ್ಯ ಪೆನ್ಸಿಲನ್ನು ಕಾಗದದಿಂದ ಎತ್ತಿದ. "ಗೆಜ್ಜೀನ ಇರಬೇಕು. ನೂರಾ ನಲವತ್ತು ಕಲ್ಲು ಬರದೀನಿ. ನಾಯಿ ಕೊಳ್ಳಾಗ ಗೆಜ್ಜಿ ಬಿಟ್ಟು ಬ್ಯಾರೆ ಏನೂ ಕಂಡಿಲ್ಲ ನಾನು."

"ನೀವು ಕಂಡಿಲ್ಲ. ನಾ ಮುಟ್ಟಾಕತ್ತೀನಿ."

ಲಗ್ಗೆರೆ ಕೆರೆ ಏರಿಯ ಕೆಳಗೆ, ಹುಣಸೆಮರದ ಬುಡದಲ್ಲಿ ಆ ಕಲ್ಲು ಸೊಂಟದುದ್ದ ಹೂತುಹೋಗಿತ್ತು. ಹೊಲದ ಯಜಮಾನ ಬೆಟ್ಟಯ್ಯ ಸುತ್ತಲಿನ ಮಣ್ಣು ತೆಗೆದು, ತಲೆಮಾರುಗಳ ಎಣ್ಣೆಜಿಡ್ಡನ್ನು ಸೀಗೆಪುಡಿ ಹಾಕಿ ತಿಕ್ಕಿಕೊಟ್ಟಿದ್ದ. ಮೇಲಿನ ಸಾಲಿನಲ್ಲಿ ಸತ್ತ ವೀರನನ್ನು ಇಬ್ಬರು ದೇವಕನ್ಯೆಯರು ತೋಳು ಹಿಡಿದು ಕರೆದೊಯ್ಯುತ್ತಿದ್ದರು. ಅವರ ಕೊರಳಲ್ಲಿ ಅಗಲವಾದ ಕಂಠಿ, ವೀರನ ಕೊರಳಲ್ಲಿ ಒಂದೆಳೆ ಮಣಿಸರ. ಕೆಳಗಿನ ಸಾಲಿನಲ್ಲಿ ಅದೇ ವೀರ ಹುಲಿಗೆ ಈಟಿ ಚುಚ್ಚುತ್ತಿದ್ದ. ಅವನ ಕಾಲ ಬಳಿ ನಾಯಿ.

ಏಕಾಂತಯ್ಯ ಶಾಸನಗಳ ಕಚೇರಿಯಲ್ಲಿ ನಕ್ಷೆ ಬರೆಯುವವನು. ಕಲ್ಲಿನಲ್ಲಿ ಕೆತ್ತಿದ ರಾಜರಾಣಿಯರು, ಆನೆ, ಕುದುರೆ, ಬಸವಣ್ಣ, ನಾಯಿ ಇವೆಲ್ಲ ಕೊರಳಲ್ಲಿ ಏನೇನು ಧರಿಸಿವೆ ಎಂದು ಕಚೇರಿಯವರು ಒಂದು ಪುಸ್ತಕ ಮಾಡುತ್ತಿದ್ದರು. ಅದರ ಚಿತ್ರಗಳೆಲ್ಲ ಅವನ ಕೈಯವೇ. ಇದು ಕೊನೆಯದು.

ಜಗದಾಂಬಾ ಇಲ್ಲಿಗೆ ಬರಬೇಕಾದವಳಲ್ಲ. ಎಂಟು ದಿನದ ಹಿಂದೆ, ರಾಜಾಜಿನಗರದ ಅವರ ಎರಡು ಕೋಣೆಯ ಮನೆಯಲ್ಲಿ, ಗಂಡ ಚಿತ್ರಕ್ಕೆ ಮಸಿ ಹಾಕುತ್ತ ಕೂತಿದ್ದಾಗ ಅವಳು ಕಾಫಿ ತಂದಿದ್ದಳು. ಅವನು ಎಳೆಯುತ್ತಿದ್ದ ಗೆರೆ ಕಾಗದದ ಅಂಚು ದಾಟಿ ಹಲಗೆಯ ಮೇಲೆ ಗೇಣುದ್ದ ಹೋಯಿತು. ಅವನಿಗೆ ಗೊತ್ತಾಗಲಿಲ್ಲ. ತೃಪ್ತಿಯಿಂದ ಲೇಖನಿ ಒರೆಸಿಟ್ಟ. ಅವಳು ಲೋಟವನ್ನು ಪಕ್ಕದಲ್ಲಿಡದೆ ಅವನ ಕೈಗೇ ಕೊಟ್ಟಳು. ಅವನು ಸ್ನಾನಕ್ಕೆ ಹೋದಾಗ ಹಲಗೆಗೆ ಬೂದಿ ಹಾಕಿ ತಿಕ್ಕಿದಳು. ಮಸಿ ಪೂರ್ತಿ ಹೋಗಲಿಲ್ಲ.

ಮಾರನೆಯ ಬೆಳಗ್ಗೆ ಅವನು ಹೊರಟಾಗ ಅವಳೂ ಮನೆಗೆ ಬೀಗ ಹಾಕಿದಳು.

"ನೀ ಎಲ್ಲಿಗೆ?"

"ನಿಮ್ಮ ಕೂಡ."

"ಕಚೇರಿ ಕೆಲಸಕ್ಕ ಹೆಣ್ಮಕ್ಕಳು ಯಾಕ?"

"ಛತ್ರಿ ಹಿಡಿಯಾಕ."

ಅರ್ಧ ದಾರಿ ಅವನು ಮುಖ ಗಂಟಿಕ್ಕಿಕೊಂಡೇ ನಡೆದ. ಒಂದು ಕಡೆ ಬದು ಒಡೆದು ನೀರು ಹರಿಯುತ್ತಿತ್ತು. ಅವನು ಅಲ್ಲಿ ನಿಂತುಬಿಟ್ಟ. ಎಷ್ಟು ಅಗಲ ಎಂದು ಅಂದಾಜು ಸಿಗಲಿಲ್ಲ. ಅವಳು ದಾಟಿ ಕೈ ಚಾಚಿದಳು. ಅವನು ಹಿಡಿದುಕೊಂಡ. ಕಣ್ಣಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆವತ್ತಿನಿಂದ ಅವಳು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಂಡದ್ದನ್ನು, ಕಾಣದಿದ್ದರೆ ತಡವಿ ತಿಳಿದದ್ದನ್ನು ಹೇಳುವುದು, ಅವನು ಬರೆಯುವುದು ನಡೆದಿತ್ತು.

"ಗೆಜ್ಜಿ ಅಲ್ದಿದ್ರ ಮತ್ತೇನು?" ಎಂದ ಏಕಾಂತಯ್ಯ ಈಗ.

ಅವಳು ಅವನ ಬೆರಳು ಹಿಡಿದು ನಾಯಿಯ ಕೊರಳಿಗೆ ಒತ್ತಿದಳು. "ಗೆಜ್ಜಿ ಆದ್ರ ಗುಂಡಗ ಹತ್ತಬೇಕಲ್ಲ. ಇದು ಚೂಪೈತಿ. ನಮ್ಮ ತವರಾಗ ಕುರಿಹಟ್ಟಿ ನಾಯಿಗೆ ಹಿಂಗ ಮೊಳಿ ಹೊಡದ ಪಟ್ಟಿ ಕಟ್ಟತಿದ್ರು. ತ್ವಾಳ ಮೊದಲು ಕೊಳ್ಳಿಗೇ ಬಾಯಿ ಹಾಕತೈತಿ. ಸಣ್ಣಾಕಿ ಇದ್ದಾಗ ಸಂಜೀಕ ಪಟ್ಟಿ ಕಟ್ಟೋದು ನನ್ನ ಪಾಲಿನ ಕೆಲಸ. ಬೆರಳು ಎಷ್ಟು ಸಲ ಚುಚ್ಚಿಸಿಕೊಂಡೀನೋ."

"ಇದು ಬ್ಯಾಟಿ ಚಿತ್ರ ಅಂತ ನಮ್ಮ ಕಚೇರಿ ಸಾಹೇಬ್ರು ಬರಕೊಂಡಾರ. ಯಾರೋ ಪಾಳೇಗಾರ ಬ್ಯಾಟಿಗೆ ಹೋಗಿ ಸತ್ತಾನಂತ."

"ಬ್ಯಾಟಿಗೆ ಓಡೋ ನಾಯಿಗೆ ಮೊಳಿ ಪಟ್ಟಿ ಯಾರು ಕಟ್ತಾರ್ರೀ? ಇದನ್ನ ಕಾಯೋ ನಾಯಿಗೆ ಕಟ್ತಾರ. ಅವ ಪಾಳೇಗಾರ ಅಲ್ಲ. ಕುರಿಯೋ ದನವೋ ಕಾಯಾಕ ನಿಂತಾವ."

ಏಕಾಂತಯ್ಯ ಒಂದೊಂದೇ ಮೊಳೆಯನ್ನು ತಡವುತ್ತ ಹೋದ. ಒಂಬತ್ತಿದ್ದವು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ತವರಿನ ನಾಯಿಯ ಸುದ್ದಿ ಅವನು ಕೇಳಿದ್ದು ಇದೇ ಮೊದಲು. ಆಮೇಲೆ ರಬ್ಬರು ತೆಗೆದುಕೊಂಡು, ಬರೆದಿದ್ದ ಗೆಜ್ಜೆಗಳನ್ನೆಲ್ಲ ಅಳಿಸಿದ.

"ಸರಿ ಅಳಿಸೇನೇನು? ನೋಡು."

"ಬಲಕ್ಕ ಒಂದು ಉಳದೈತಿ," ಎಂದಳು.

ಶನಿವಾರ ಮಧ್ಯಾಹ್ನ ಚಕ್ರಪಾಣಿ ಬಂದ. ಏಕಾಂತಯ್ಯನ ಮೇಲಧಿಕಾರಿ, ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷಕ್ಕೆ ಕಿರಿಯ. ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ, ಚಿತ್ರವನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿದ. ಜಗದಾಂಬಾ ಸೆರಗು ಹೊದ್ದು ಮರದ ಮರೆಗೆ ಸರಿದಳು. ಕಣ್ಣಿನ ಸಂಗತಿ ಇವನಿಗೆ ತಿಳಿದುಬಿಟ್ಟರೆ? ಗಂಡ ಬೇರೇನೂ ಬಲ್ಲವನಲ್ಲ. ಊಟ, ಉಡುಗೆ ಯಾವುದರಲ್ಲೂ ಅವನಿಗೆ ಆಸೆಯಿರಲಿಲ್ಲ. ಗೆರೆ ಒಂದು ನೇರ ಬಂದರೆ ಸಾಕು, ಇಡೀ ದಿನ ಗುನುಗುತ್ತಿದ್ದ. ಈ ಹಲಗೆಯನ್ನು ಅವನ ಮಡಿಲಿಂದ ಕಿತ್ತುಕೊಂಡರೆ ಅವನು ಬೆಳಗ್ಗೆ ಎದ್ದು ಏನು ಮಾಡಬೇಕು?

"ಇದೇನ್ರಿ ಏಕಾಂತಯ್ಯನವ್ರೇ, ಮುಳ್ಳು ಬರೆದಿದೀರಲ್ಲ. ಗೆಜ್ಜೆ ಅಲ್ವಾ?"

"ಅಲ್ಲ ಸಾರ್. ಮೊಳೆ. ಕಾವಲುನಾಯಿಯ ಪಟ್ಟಿ."

ಚಕ್ರಪಾಣಿ ಜೇಬಿನಿಂದ ಭೂತಗನ್ನಡಿ ತೆಗೆದು ಮಂಡಿಯೂರಿದ. ಬಿಂದಿಗೆಯಿಂದ ನೀರು ಸುರಿದು, ಇಳಿಬಿಸಿಲು ಓರೆಯಾಗಿ ಬೀಳುವಂತೆ ಪಕ್ಕಕ್ಕೆ ಸರಿದು ನೋಡಿದ. ಒಂಬತ್ತು ಮೊಳೆಗಳಿಗೂ ಒಂದೊಂದು ಚೂಪು ನೆರಳು ಬಿದ್ದಿತ್ತು.

"ಹೌದಲ್ಲ," ಎಂದ. "ಎರಡು ಸಲ ಬಂದು ಹೋಗಿದೀನಿ, ನನಗೇ ಕಾಣಿಸ್ಲಿಲ್ಲ. ನಿಮ್ಮ ಕಣ್ಣಿಗೆ ಮೆಚ್ಚಬೇಕು ಕಣ್ರೀ."

ಅಲ್ಲಿಗೆ ಮುಗಿಯಬಹುದಿತ್ತು. ಜಗದಾಂಬಾ ಉಸಿರು ಬಿಟ್ಟಳು. ಆದರೆ ಏಕಾಂತಯ್ಯ ಹಲಗೆಯನ್ನು ಪಕ್ಕಕ್ಕಿಟ್ಟು, ನೆಲಕ್ಕೆ ಕೈಯೂರಿ, ಎದ್ದು ನಿಂತ.

"ನನ್ನ ಕಣ್ಣಲ್ಲ ಸಾರ್. ಪೊರೆ ಬಂದು ವರ್ಷ ಆಯ್ತು. ನನಗೆ ಈ ಕಲ್ಲಲ್ಲಿ ನಾಯಿ ಇರೋದೇ ಕಾಣೋದಿಲ್ಲ. ನಮ್ಮ ಮನೆಯವರು ಮುಟ್ಟಿ ಹೇಳಿದ್ರು, ನಾನು ಗೆರೆ ಎಳೆದೆ. ಹಿಂದಿನ ಮೂರು ಚಿತ್ರ ಅಂದಾಜಿನ ಮೇಲೆ ಬರೆದವು. ಅವನ್ನ ಅಚ್ಚಿಗೆ ಕಳಿಸಬೇಡಿ."

ಚಕ್ರಪಾಣಿ ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಒರೆಸುತ್ತ ನಿಂತ. ಕೆರೆಯ ಆಚೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಆ ಮೂರು ಕಲ್ಲಿಗೂ ಇವರನ್ನ ಕರ್ಕೊಂಡು ಹೋಗಿ, ತಿದ್ದಿ ಕೊಡಿ," ಎಂದ ಕೊನೆಗೆ. "ಆಮೇಲೆ ಕಣ್ಣಾಸ್ಪತ್ರೆ. ಚೀಟಿ ನಾನು ಬರೆದುಕೊಡ್ತೀನಿ. ಆಪರೇಷನ್ ಆಗಿ ಕಣ್ಣು ತಿಳಿಯಾಗೋವರೆಗೆ ಹೊಸ ಕೆಲಸ ಕೊಡೋದಿಲ್ಲ. ನಿಮ್ಮ ಹಲಗೆ ಬೇರೆ ಯಾರಿಗೂ ಕೊಡೋದಿಲ್ಲ."

ಏಕಾಂತಯ್ಯ ತಲೆಯಾಡಿಸಿದ.

ಚಕ್ರಪಾಣಿ ಚಿತ್ರದ ಕೆಳಗಿನ ಖಾಲಿ ಜಾಗ ನೋಡಿ ಪೆನ್ನಿನ ಟೋಪಿ ತೆಗೆದ. ಬರೆದವರ ಹೆಸರು ಹಾಕುವ ಜಾಗ ಅದು. "ತಾಯಿ, ನಿಮ್ಮ ಹೆಸರು ಹೇಳಿ."

ಜಗದಾಂಬಾ ಸೆರಗಿನ ತುದಿ ಹಿಡಿದುಕೊಂಡಳು. ತವರಿನಲ್ಲಿ ಎಲ್ಲರಿಗೂ ಅವಳು ಜಗಕ್ಕ. ಇಲ್ಲಿ ಬೀದಿಯವರಿಗೆ ಏಕಾಂತಯ್ಯನವರ ಮನೆಯವರು. ಗಂಡನಿಗೆ "ಏ, ಇಲ್ನೋಡು". ಪೂರ್ತಿ ಹೆಸರನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು; ಅದು ನಾಲಿಗೆಗೆ ತಟ್ಟನೆ ಬರಲಿಲ್ಲ.

"ಜಗದಾಂಬಾ," ಎಂದ ಏಕಾಂತಯ್ಯ.

ಅವಳು ಬೆಚ್ಚಿದಳು. ಆ ಬಾಯಿಂದ ಆ ಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಜಗದಾಂಬ, ಅಲ್ವಾ?" ಚಕ್ರಪಾಣಿ ಬರೆಯತೊಡಗಿದ್ದ.

"ಕೊನೇದು ದೀರ್ಘ ಸಾರ್. ಜಗದಾಂಬಾ." ಏಕಾಂತಯ್ಯ ನಿಧಾನವಾಗಿ ಇನ್ನೊಮ್ಮೆ ಹೇಳಿದ. ಅವನ ಕಿವಿಗಳು ಕೆಂಪಾಗಿದ್ದವು.

ಚಕ್ರಪಾಣಿ ಸೈಕಲ್ಲು ಹತ್ತಿ ಹೋದ ಮೇಲೆ ಇಬ್ಬರೂ ಮನೆಯ ದಾರಿ ಹಿಡಿದರು. ರಾಜಾಜಿನಗರದ ಅಂಚಿನಲ್ಲಿ ಹೊಸ ಮನೆಗಳು ಸಾಲಾಗಿ ಏಳುತ್ತಿದ್ದವು. ಗೋಡೆ ಎದ್ದಿತ್ತು, ಸೂರು ಬಂದಿರಲಿಲ್ಲ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಏಕಾಂತಯ್ಯ ಅವಳ ಹಿಂದೆ ನಡೆಯುತ್ತಿದ್ದವನು ಪಕ್ಕಕ್ಕೆ ಬಂದ.

"ಏನೇನೈತಿ ಹೇಳ್ಕೋತ ಬಾ," ಎಂದ.

ಅವಳು ಹೇಳತೊಡಗಿದಳು. ಇಟ್ಟಿಗೆ ಒಟ್ಟ್ಯಾರ. ಸುಣ್ಣದ ಗುಂಡಿ ಐತಿ, ಎಡಕ್ಕ ಬರ್ರಿ. ಒಬ್ಬಾಕಿ ಗೋಡಿಗೆ ನೀರು ಹೊಡ್ಯಾಕತ್ತ್ಯಾಳ. ಹೇಳುತ್ತಿದ್ದವಳು ನಿಂತು ನಕ್ಕಳು.

"ಏನಾತು?"

"ಆಡಿನ ಮರಿ. ಹೊಸ ಮನಿ ಕಿಟಕಿ ಮ್ಯಾಲ ಹತ್ತಿ ನಿಂತೈತಿ. ಇಳಿಯಾಕ ಗೊತ್ತಾಗವಲ್ದು."

ಅವನು ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಿಂತ.

"ಹಾರ್ತೇನು?"

"ಇನ್ನೂ ಇಲ್ರೀ."

ದಾರಿಯ ನಡುವೆ, ಮಡಿಸಿದ ಛತ್ರಿಯನ್ನು ನೆಲಕ್ಕೂರಿ, ಇಬ್ಬರೂ ಕಾದರು.