ತೆಗಿ, ಇರ್ಲಿ

ಬಾಡಿಗೆ ಕುರ್ಚಿಗಳನ್ನು ವ್ಯಾನಿನಿಂದ ಇಳಿಸುತ್ತಿದ್ದ ತಮ್ಮನ ಜೇಬಿನಲ್ಲಿ ತೀರಿಕೊಂಡ ಅಕ್ಕನ ಫೋನು ಮತ್ತೆ ಗುರ್ರೆಂದಿತು. ಬೆಳಗಿನಿಂದ ಇದು ಇಪ್ಪತ್ತನೆಯದೋ ಏನೋ. ಎರಡು ಕುರ್ಚಿಗಳನ್ನು ಕಂಕುಳಲ್ಲಿ ಇರುಕಿಕೊಂಡೇ ಅವನು ಫೋನು ತೆಗೆದು ಮಗಳ ಕೈಗೆ ಕೊಟ್ಟ.

"ಪಾಪ, ಎಷ್ಟು ಜನ ಬರೀತಿದಾರೆ ನೋಡು ನಿಮ್ಮತ್ತೆಗೆ," ಎಂದರು ಪಕ್ಕದ ಮನೆಯ ಟೀಚರು.

ಮಗಳು ಪರದೆ ನೋಡಿದಳು. ನಿನ್ನೆ ಸಂಜೆ ಅತ್ತೆಯ ಬ್ಲಾಗಿನಲ್ಲಿ ಅವಳೇ ಎರಡು ಸಾಲು ಹಾಕಿದ್ದಳು: ಸಿಸ್ಟರ್ ತೀರಿಕೊಂಡರು, ನಾಳೆ ನಾಲ್ಕು ಗಂಟೆಗೆ ಮನೆಯಿಂದ ಹೊರಡುತ್ತೇವೆ, ವಿಳಾಸ ಇಂಥದ್ದು. ಅದಕ್ಕೆ ಬಂದ ಕಾಮೆಂಟುಗಳು ಇವು. 'ಮಂಡಿನೋವೇ? ಇಲ್ಲಿ ಒತ್ತಿ.' 'ಐದೇ ನಿಮಿಷದಲ್ಲಿ ಸಾಲ.' 'ತುಂಬಾ ಉಪಯುಕ್ತ ಮಾಹಿತಿ, ಹೀಗೇ ಬರೆಯುತ್ತಿರಿ.'

"ಹೀಗೇ ಬರೀತಾ ಇರಿ ಅಂತೆ," ಎಂದಳು ಮಗಳು. ಟೀಚರಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ತಮ್ಮನಿಗೆ ನಗು ಬರಲಿಲ್ಲ. "ಸಾವಿನ ಮನೇಲೂ ಬಿಡಲ್ವಲ್ಲ ಈ ನೊಣಗಳು! ಮುಚ್ಚಿಬಿಡು ಆ ಬ್ಲಾಗನ್ನ, ಇವತ್ತೇ. ಅವಳ ಜೊತೆಗೇ ಹೋಗ್ಲಿ."

*

ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದ ನರ್ಸ್ ಆಕೆ. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯೇ ಅವಳ ಮನೆ. ನಿವೃತ್ತಿಯಾದ ವರ್ಷ ತಮ್ಮನ ಮಗಳು ಬ್ಲಾಗ್ ಮಾಡಿಕೊಟ್ಟಳು. ಹಾಸಿಗೆ ಹಿಡಿದವರ ತಲೆ ತೊಳೆಯುವುದು ಹೇಗೆ, ನುಂಗಲಾರದವರಿಗೆ ನೀರು ಕುಡಿಸುವುದು ಹೇಗೆ ಎಂದೆಲ್ಲ ಬರೆದಳು. ಡಾಕ್ಟರು ಹೇಳದೆ ಬಿಡುವ ಸಂಗತಿಗಳು.

ಎರಡನೆಯ ತಿಂಗಳಿಗೆ ದಿನಕ್ಕೆ ಮುನ್ನೂರು ಜನ ಬಂದರೆಂದು ಬ್ಲಾಗು ತೋರಿಸಿತು. ಎಲ್ಲಿಂದ ಬಂದರೆಂಬ ಪಟ್ಟಿಯಲ್ಲಿ ಉದ್ದುದ್ದ ವಿಳಾಸಗಳು. ಯಾವುದೋ ಆಸ್ಪತ್ರೆಗಳು ತನ್ನ ಬರಹ ತೋರಿಸಿ ಜನರನ್ನು ಕಳಿಸುತ್ತಿವೆ ಎಂದುಕೊಂಡು ಬೀದಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಒಂದು ವಿಳಾಸ ಒತ್ತಿದಳು. ಜೂಜಿನ ಅಡ್ಡೆ. ಇನ್ನೊಂದು ಒತ್ತಿದವಳು ತಟ್ಟನೆ ಮುಚ್ಚಿ, ತಮ್ಮನ ಮಗಳನ್ನು ಕೂಗಿದಳು.

"ಯಾರೂ ಬಂದಿಲ್ಲ ಅತ್ತೆ, ಇದೆಲ್ಲ ಮಷೀನುಗಳ ಆಟ. ಬಂದ ಹಾಗೆ ಗುರುತು ಬಿಟ್ಟು ಹೋಗ್ತವೆ. ಯಾರಪ್ಪಾ ಇವರು ಅಂತ ನೀವು ಒತ್ತಿ ನೋಡ್ತೀರಲ್ಲ, ಅಷ್ಟೇ ಅವಕ್ಕೆ ಬೇಕಾಗಿರೋದು."

"ನಿಜವಾಗ್ಲೂ ಬಂದೋರು ಎಷ್ಟು ಜನ ಹಾಗಾದ್ರೆ?"

ಸೋಸಿ ಸೋಸಿ ನೋಡಿದರೆ ಒಂಬತ್ತು.

ಅತ್ತೆಯ ಮುಖ ಸಣ್ಣದಾಯಿತು. ಕನ್ನಡಕ ಸರಿಮಾಡಿಕೊಂಡಳು. "ನನ್ನ ವಾರ್ಡಲ್ಲಿ ಒಂದು ಸಾಲಿಗೆ ಒಂಬತ್ತೇ ಮಂಚ ಇದ್ದಿದ್ದು. ಅಷ್ಟಕ್ಕೇ ಸೊಂಟ ಬಿದ್ದುಹೋಗ್ತಿತ್ತು. ಸಾಕು ಬಿಡು."

*

ಮಧ್ಯಾಹ್ನ ಒಬ್ಬ ಅಪರಿಚಿತ ಬಂದ. ಐವತ್ತರ ಆಸುಪಾಸು, ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಬಸ್ಸು ಹತ್ತಿದ್ದ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದ ಸಿಸ್ಟರ್ ಮುಂದೆ ತುಂಬ ಹೊತ್ತು ಕೈಕಟ್ಟಿ ನಿಂತ.

"ತಾವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದ ತಮ್ಮ.

"ಟೈಲರ್ ಸಾರ್ ನಾನು. ಸಿಸ್ಟರ್ ಮುಖ ನೋಡ್ತಿರೋದು ಇವತ್ತೇ." ಕತ್ತಿನ ಟೇಪು ತೆಗೆದು ಜೇಬಿಗೆ ತುರುಕಿದ. "ಆ ಮುಲಾಮು ತರಿಸಿಕೊಂಡೋನು ನಾನೇ."

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು.

*

ಬೆನ್ನುಹುಣ್ಣಿನ ಬಗ್ಗೆ ಬರೆದದ್ದರ ಕೆಳಗೆ ಒಂದು ಕಾಮೆಂಟು ಬಂದಿತ್ತು: 'ನನ್ನ ತಾಯಿಗೂ ಹೀಗೇ ಆಗಿತ್ತು ಸಿಸ್ಟರ್, ಈ ಮುಲಾಮಿನಿಂದ ಹತ್ತೇ ದಿನದಲ್ಲಿ ವಾಸಿಯಾಯಿತು.' ಯಾರ ಮನೆಯದೋ ಮಗಳು ಬರೆದ ಹಾಗೇ ಇತ್ತು; ಮುಲಾಮು ಮಾರುವವರ ಜಾಹೀರಾತು ಅದು. ಆ ವಾರ ನರ್ಸಮ್ಮನಿಗೆ ಕಣ್ಣಿನ ಆಪರೇಷನ್. ಅದನ್ನು ಯಾರೂ ಗಮನಿಸಲಿಲ್ಲ. ವಾರ ಕಳೆದ ಮೇಲೆ ಅದರ ಕೆಳಗೆ ಟೈಲರ್ ಬರೆದಿದ್ದ: 'ನಿನ್ನ ಪುಟ ನಂಬಿ ಹಚ್ಚಿದೆ. ನಮ್ಮಮ್ಮನ ಬೆನ್ನು ಸುಟ್ಟು ಹೋಯಿತು. ನೀನು ನರ್ಸಾ, ಕಟುಕಿಯಾ?'

ಕಾಮೆಂಟು ಬಂದ್ ಮಾಡಿಸು ಎಂದು ತಮ್ಮ ಅಂದೇ ಹೇಳಿದ್ದ.

"ಬಂದ್ ಮಾಡಿದ್ರೆ ಅವನು ಬೈಯೋಕಾದ್ರೂ ಎಲ್ಲಿಗೆ ಹೋಗ್ಬೇಕಿತ್ತು?" ಎಂದಳು ಅಕ್ಕ. "ಗಲೀಜಾಗತ್ತೆ ಅಂತ ವಾರ್ಡಿಗೆ ಬೀಗ ಹಾಕ್ತಾರೇನೋ? ಗುಡಿಸ್ತಾರೆ."

ಅಂದಿನಿಂದ ಅವಳು ಓದಿ ಒಪ್ಪದೆ ಒಂದು ಕಾಮೆಂಟೂ ಪುಟ ಹತ್ತಲಿಲ್ಲ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಡ್ಯೂಟಿಯ ಹಾಗೆ, ಎಂಟು ವರ್ಷ. ಕಸವನ್ನು ತಾನಾಗಿ ಹಿಡಿಯುವ ಸಾಫ್ಟ್‌ವೇರ್ ಹಾಕಿಕೊಟ್ಟರೆ, ಅದು ಹಿಡಿದದ್ದನ್ನೂ ಕೂತು ಓದಿದಳು. ಕೊನೆಯ ಹದಿನೈದು ದಿನ ತಾನೇ ಹಾಸಿಗೆ ಹಿಡಿದಾಗ ತಮ್ಮನ ಮಗಳು ಓದಿ ಹೇಳುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿಕೊಂಡೇ ತೀರ್ಮಾನ ಕೊಡುತ್ತಿದ್ದಳು. "ತೆಗಿ." "ತೆಗಿ." "ಇರ್ಲಿ."

ಒಮ್ಮೆ ಅಕ್ಷರ ಅಕ್ಷರ ಅಂಟಿಕೊಂಡ, ತಲೆಬುಡವಿಲ್ಲದ ಒಂದು ಸಾಲನ್ನು ಹುಡುಗಿ ತೆಗೆಯಲು ಹೊರಟಳು.

"ತಡಿ, ಇನ್ನೊಂದ್ಸಲ ಓದು," ಎಂದಳು ಅತ್ತೆ. ಕೇಳಿಸಿಕೊಂಡು, "ಇದು ಮಷೀನಲ್ಲ ಕಣೆ. ಯಾರೋ ಒಂದು ಕೈಲಿ ರೋಗೀನ ಹಿಡ್ಕೊಂಡು ಇನ್ನೊಂದು ಕೈಲಿ ಬರೆದಿದಾರೆ. ಇರ್ಲಿ," ಎಂದಳು.

*

"ಐದು ವಾರ ದಿನಾ ಫೋನ್ ಮಾಡಿದ್ರು ಸಾರ್, ಗಾಯ ಒಣಗೋವರೆಗೂ," ಟೈಲರ್ ಹೇಳುತ್ತಿದ್ದ. "ಅಮ್ಮ ಆಮೇಲೆ ಮೂರು ವರ್ಷ ಇದ್ರು. ನಾನು ಬೈದಿದ್ದನ್ನ ಅಳಿಸಿಬಿಡಿ ಅಂತ ಎಷ್ಟು ಬೇಡ್ಕೊಂಡೆ! 'ಮುಂದೆ ಬರೋರು ಓದಿ ಎಚ್ಚರ ಆಗ್ಲಿ' ಅಂದ್ಬಿಟ್ರು. ಕಟುಕಿ ಅಂದಿದ್ದು ಇವತ್ತಿಗೂ ಅಲ್ಲೇ ಇದೆ."

ತಮ್ಮ ಒಂದು ಕುರ್ಚಿ ಎಳೆದು ಅವನನ್ನು ಕೂರಿಸಿದ.

ನಾಲ್ಕಕ್ಕೆ ಗಾಡಿ ಬಂತು. ಎಲ್ಲ ಮುಗಿಸಿ ಮರಳುವಾಗ ಆರಾಗುತ್ತಿತ್ತು. ಟೈಲರನ ಬಸ್ಸಿಗೆ ಇನ್ನೂ ಹೊತ್ತಿತ್ತು; ಅವನೂ ಜೊತೆಗೆ ಬಂದ. ಮಗಳು ಅತ್ತೆಯ ಕೋಣೆಯಲ್ಲಿ ಫೋನು ಹಿಡಿದು ಕೂತಳು. ಮೂವತ್ತೆರಡು ಕಾದಿದ್ದವು. ಅಪ್ಪ ಬಾಗಿಲಲ್ಲಿ ನಿಂತು ನೋಡಿದನೇ ಹೊರತು, ಮುಚ್ಚು ಎನ್ನಲಿಲ್ಲ.

ಹತ್ತೊಂಬತ್ತನೆಯದರಲ್ಲಿ ಅವಳ ಬೆರಳು ನಿಂತಿತು. ಗಟ್ಟಿಯಾಗಿ ಓದಿದಳು: 'ಸಿಸ್ಟರ್ ಹೋದರಂತೆ, ಇನ್ನು ಯಾರನ್ನು ಕೇಳಲಿ? ನಮ್ಮಪ್ಪ ಎಂಬತ್ತು ಕೆಜಿ, ನಾನೊಬ್ಬಳೇ. ಮಲಗಿದ ಹಾಗೇ ಅವರ ಕೆಳಗಿನ ಹಾಸು ಬದಲಾಯಿಸುವುದು ಹೇಗೆ?'

"ಅತ್ತೆ ಹಗುರ ಇದ್ರು. ನಾವಿಬ್ರೂ ಎತ್ತಿಬಿಡ್ತಿದ್ವಿ," ಎಂದಳು. "ಒಬ್ಬರೇ ಅಂದ್ರೆ ನಂಗೆ ಗೊತ್ತಿಲ್ವಲ್ಲ."

"ನಂಗೊತ್ತಮ್ಮ," ಎಂದ ಟೈಲರ್. "ಅಮ್ಮಂಗೆ ಮಾಡ್ತಿದ್ನಲ್ಲ. ಮೊದಲು..." ಕೈ ಗಾಳಿಯಲ್ಲಿ ತಿರುಗಿತು, ಮಾತು ತೊಡರಿತು. "ಬಾಯಲ್ಲಿ ಹೇಳೋಕೆ ಬರಲ್ಲ. ಯಾರಾದ್ರೂ ಮಲಗಿದ್ರೆ ತೋರಿಸ್ತೀನಿ."

ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದ. ಅಕ್ಕನ ಮಂಚದ ಮೇಲೆ ಅಂಗಾತ ಮಲಗಿದ. "ಯಾವ ಕಡೆ ತಿರುಗ್ಲಿ?"

"ನೀವು ತಿರುಗ್ಬಾರ್ದು ಸಾರ್. ಕೈಲಾಗದೋರ ಹಾಗೆ ಬಿದ್ದಿರಿ. ಮಂಚ ಗೋಡೆಗೆ ಒತ್ತಿರ್ಬೇಕು ಅಂತ ಬರಿಯಮ್ಮ, ಆ ಕಡೆ ಬೀಳ್ಬಾರ್ದು."

ಅವನ ಮೊಣಕಾಲು ಮಡಚಿ, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು, ಟೈಲರ್ ಆ ದೊಡ್ಡ ಮೈಯನ್ನು ಮೆಲ್ಲಗೆ ಗೋಡೆಯ ಕಡೆ ಹೊರಳಿಸಿದ. ಹಳೆಯ ಹಾಸನ್ನು ಉದ್ದಕ್ಕೆ ಸುತ್ತಿ ಬೆನ್ನಿಗೆ ಒತ್ತಿದ. ಬರಿದಾದ ಅರ್ಧ ಹಾಸಿಗೆಗೆ ಹೊಸದನ್ನು ಹರಡಿದ. ಮಗಳು ಟೈಪ್ ಮಾಡುತ್ತಿದ್ದಳು. ಗೋಡೆಗೆ ಮುಖಮಾಡಿದ್ದ ಅಪ್ಪನ ಬೆನ್ನು ಒಂದೆರಡು ಸಲ ಕುಲುಕಿತು. ಅದು ನಿಲ್ಲುವ ತನಕ ಟೈಲರ್ ಒಂದು ಅಂಗೈಯನ್ನು ಆ ಭುಜದ ಮೇಲಿಟ್ಟುಕೊಂಡು, ಇನ್ನೊಂದರಿಂದ ಹಾಸಿನ ಸುಕ್ಕನ್ನು ಅಂಚಿನವರೆಗೂ ನೀವುತ್ತಿದ್ದ.